ಹಿಗ್ಗುವ ಸೇರು, ಕುಗ್ಗುವ ಸೇರು

ಬೆಲೆ ಏರುವುದು, ಇಳಿಯುವುದು ಎಂದರೇನೆಂಬುದನ್ನು ನಮ್ಮ ಮಂಡ್ಯದ ಸೀಮೆಯವರಿಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಆ ವಿದ್ಯೆ ನಮಗೆ ಆಲೆಮನೆಯ ಕೊಪ್ಪರಿಗೆಯ ಮುಂದೆಯೇ ಬರುತ್ತದೆ. ಕಬ್ಬು ಗಾಣಕ್ಕೆ ಕೊಡುವಾಗ ಇದ್ದ ಧಾರಣೆ ಪಾಕ ಇಳಿಸುವಾಗ ಇರುವುದಿಲ್ಲ. ಪಾಕ ಇಳಿಸುವಾಗ ಇದ್ದದ್ದು, ಅಚ್ಚುಗಳನ್ನು ಗಾಡಿಗೆ ತುಂಬಿ ಮಂಡ್ಯದ ಮಾರುಕಟ್ಟೆ ಮುಟ್ಟಿಸುವ ಹೊತ್ತಿಗೆ ಉಳಿದಿರುವುದಿಲ್ಲ. ಅಚ್ಚುಬೆಲ್ಲಕ್ಕೊಂದು ಬೆಲೆ, ಕುರಿಕಾಲಚ್ಚಿಗೊಂದು, ಬಕೆಟ್ ಬೆಲ್ಲಕ್ಕೊಂದು. ಹಬ್ಬ ಹತ್ತಿರವಾದರೆ ಒಂದು, ಹಬ್ಬ ಕಳೆದರೆ ಇನ್ನೊಂದು. ನಮ್ಮ ಊರು ಕೊತ್ತತ್ತಿ, ಮಂಡ್ಯ ತಾಲ್ಲೂಕಿನದು. ಅಲ್ಲಿ ಇಬ್ಬರು ರೈತರು ಎದುರಾದರೆ ಮೊದಲು ಮಳೆಯ ಮಾತು, ಆಮೇಲೆ ಧಾರಣೆಯ ಮಾತು. ಮಕ್ಕಳು ಮರಿಯ ಯೋಗಕ್ಷೇಮವೆಲ್ಲ ಅದರ ನಂತರ.

ಹೀಗೆ ಬೆಲೆಯ ಉಯ್ಯಾಲೆಯಲ್ಲಿ ಕುಳಿತೇ ಬೆಳೆದವರಾದರೂ ನಮ್ಮ ಹಿರಿಯರು ಒಂದು ಕೆಲಸ ಮಾಡಲಿಲ್ಲ. ಮನೆಯ ತುಂಬ ಬೆಲ್ಲವಿದ್ದರೂ ಬೆಲ್ಲವನ್ನು ಅವರು ಹಣ ಮಾಡಿಕೊಳ್ಳಲಿಲ್ಲ. ಯೋಚಿಸಿ ನೋಡಿದರೆ ಬೆಲ್ಲಕ್ಕೆ ಹಣದ ಗುಣಗಳು ಎಷ್ಟೋ ಉಂಟು. ಬೇಡವೆನ್ನುವವರಿಲ್ಲ, ಒಡೆದರೆ ಚೂರಾಗುತ್ತದೆ, ತೂಗಿದರೆ ಲೆಕ್ಕಕ್ಕೆ ಸಿಕ್ಕುತ್ತದೆ, ಜೋಪಾನ ಮಾಡಿದರೆ ಕೆಲವು ಕಾಲ ಕೆಡದೆ ಇರುತ್ತದೆ. ಆದರೂ ‘ಈ ಹೊಲದ ಗುತ್ತಿಗೆ ವರ್ಷಕ್ಕೆ ಇಷ್ಟು ಮಣ ಬೆಲ್ಲ’ ಎಂದು ಯಾರಾದರೂ ಮಾತು ಕಟ್ಟಿದ್ದನ್ನು ನಾನು ಕೇಳಿಲ್ಲ. ಇದು ಏಕೆ ಎಂಬ ಪ್ರಶ್ನೆ ಬಹುಕಾಲ ನನ್ನ ತಲೆಯಲ್ಲಿ ಹುಟ್ಟಿಯೇ ಇರಲಿಲ್ಲ. ಅದನ್ನು ಹುಟ್ಟಿಸಿದವನು ನನ್ನ ತಮ್ಮನ ಮಗ.

ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಬುದ್ಧಿವಂತ, ಹಿರಿಯರನ್ನು ಕಂಡರೆ ಗೌರವವೂ ಉಂಟು, ಹಿರಿಯರಿಗೆ ಏನೂ ತಿಳಿಯದೆಂಬ ಮರುಕವೂ ಉಂಟು. ಅವನು ನನಗೆ ಬಿಟ್‌ಕಾಯಿನ್ನಿನ ವಿಷಯವನ್ನು ಬಹಳ ತಾಳ್ಮೆಯಿಂದ ವಿವರಿಸಿದ. 2008ರಲ್ಲಿ ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ, ಯಾರೆಂದು ಇಂದಿಗೂ ಖಚಿತವಾಗದ ಯಾರೋ ಒಬ್ಬರು, ಅಥವಾ ಕೆಲವರು, ಒಂದು ಬರಹ ಪ್ರಕಟಿಸಿದರು. 2009ರ ಜನವರಿಯಲ್ಲಿ ಆ ವ್ಯವಸ್ಥೆ ನಡೆಯತೊಡಗಿತು. ಬ್ಯಾಂಕಿಲ್ಲ, ಸರಕಾರವಿಲ್ಲ, ಶಾನುಭೋಗನಿಲ್ಲ. ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ಖಾತೆಪುಸ್ತಕದ ಪ್ರತಿ ಸಾವಿರಾರು ಯಂತ್ರಗಳಲ್ಲಿ ಏಕಕಾಲಕ್ಕೆ ಇರುತ್ತದೆ. ಆದುದರಿಂದ ಒಬ್ಬನು ಒಂದು ಪುಟ ತಿದ್ದಿದರೆ ಉಳಿದವರು ಒಪ್ಪುವುದಿಲ್ಲ. ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷವನ್ನು ಮೀರುವಂತಿಲ್ಲ. ಒಂದು ನಾಣ್ಯವನ್ನು ಹತ್ತು ಕೋಟಿ ಚೂರು ಮಾಡಬಹುದು; ಚೂರಿಗೆ ಸತೋಶಿ ಎಂದೇ ಹೆಸರು. ಇಷ್ಟನ್ನು ಕೇಳಿ ನನಗೆ ನಿಜವಾಗಿ ಸಂತೋಷವಾಯಿತು. ಶಾನುಭೋಗರ ಖಾತೆಗಳಿಗೆ ಇಂಥ ಕಾವಲಿದ್ದಿದ್ದರೆ ನಮ್ಮ ಕಡೆಯ ಎಷ್ಟೋ ಗದ್ದೆಗಳ ಚರಿತ್ರೆ ಬೇರೆಯಾಗುತ್ತಿತ್ತು.

ಅವನ ಮಾತು ಅಲ್ಲಿಗೆ ನಿಲ್ಲಲಿಲ್ಲ. ಅವನ ತಾಯಿ, ಎಂದರೆ ನನ್ನ ತಮ್ಮನ ಹೆಂಡತಿ, ಊರಿನಲ್ಲಿ ಒಂದು ಚೀಟಿ ನಡೆಸುತ್ತಾಳೆ. ಇಪ್ಪತ್ತು ಮಂದಿ ಹೆಂಗಸರು. ತಿಂಗಳಿಗೆ ತಲಾ 2,000 ರೂಪಾಯಿ. ಇಪ್ಪತ್ತು ಹೆಸರುಗಳನ್ನು ಬರೆದು ಲೋಟಕ್ಕೆ ಹಾಕಿ ಮಗುವಿನ ಕೈಯಿಂದ ಒಂದನ್ನು ಎತ್ತಿಸುವುದು. ಯಾರ ಹೆಸರು ಬಂತೋ ಅವರಿಗೆ ಆ ತಿಂಗಳ 40,000. ಎತ್ತಿಕೊಂಡವರು ಕಡೆಯ ತಿಂಗಳವರೆಗೂ ಕಂತು ಕಟ್ಟಬೇಕು. ಬಾಂಡಿಲ್ಲ, ಜಾಮೀನಿಲ್ಲ, ಒಂದು ಉದ್ದನೆಯ ನೋಟುಬುಕ್ಕು ಮಾತ್ರ. ಈ ಸಲದ ಚೀಟಿಯಲ್ಲಿ ಮಗಳನ್ನು ನರ್ಸಿಂಗ್ ಓದಿಸಬೇಕೆಂದಿರುವ ತಾಯಿಯೊಬ್ಬಳಿದ್ದಾಳೆ, ಕೊಟ್ಟಿಗೆಗೆ ಶೀಟು ಹಾಕಿಸಬೇಕೆಂದಿರುವವಳಿದ್ದಾಳೆ, ಗಂಡನಿಗೆ ಗೊತ್ತಾಗದಂತೆ ನಾಲ್ಕು ಕಾಸು ಕೂಡಿಡಬೇಕೆಂದಿರುವವಳೂ ಇದ್ದಾಳೆ. ಹುಡುಗ ಹೇಳಿದ್ದು ಇಷ್ಟೆ: ‘ದೊಡ್ಡಪ್ಪ, ಈ ಚೀಟಿಯನ್ನೇ ಬಿಟ್‌ಕಾಯಿನ್ನಲ್ಲಿ ನಡೆಸಬಾರದಾ? ಪುಸ್ತಕಾನೂ ಬೇಡ, ಜಗಳಾನೂ ಇಲ್ಲ. ಎಲ್ಲರ ಹತ್ರಾನೂ ಫೋನಿದೆ.’

ಅವನ ತಾಯಿ ಕಾಳು ಆರಿಸುತ್ತಿದ್ದವಳು ತಲೆಯೆತ್ತದೆ ಕೇಳಿದಳು: ‘ಅದೇನ್ ದುಡ್ಡು ಭಾವ, ಬೆಳಿಗ್ಗೆ ಒಂದ್ ರೇಟು, ಸಾಯಂಕಾಲಕ್ಕೊಂದ್ ರೇಟು? ನಾನ್ ಯಾರ್ ಹೆಸ್ರ ಮುಂದೆ ಎಷ್ಟು ಅಂತ ಬರ್ಕಳ್ಳಿ?’

ಅರ್ಥಶಾಸ್ತ್ರದ ದೊಡ್ಡ ಪುಸ್ತಕಗಳು ಅಧ್ಯಾಯಗಟ್ಟಲೆ ಬರೆಯುವುದು ಇದೇ ಪ್ರಶ್ನೆಯನ್ನು. ಉತ್ತರವನ್ನು ಲೆಕ್ಕ ಹಾಕಿಯೇ ನೋಡೋಣವೆಂದು ನಾನೂ ಹುಡುಗನೂ ಕಾಗದ ಹಿಡಿದು ಕುಳಿತೆವು.

ಚೀಟಿ 2022ರ ನವೆಂಬರಿನಲ್ಲಿ ಆರಂಭವಾಯಿತೆಂದು ಇಟ್ಟುಕೊಳ್ಳಿ. ಆಗ ಒಂದು ಬಿಟ್‌ಕಾಯಿನ್ನಿಗೆ ಸುಮಾರು 16,000 ಡಾಲರು. ಮೊದಲ ತಿಂಗಳೇ ಆ ತಾಯಿಯ ಹೆಸರು ಬಂತು, ಅವಳ ಪುಣ್ಯ. ಬಿಟ್‌ಕಾಯಿನ್ನಿನ ಚೂರುಗಳನ್ನು ಕೊಟ್ಟು 40,000 ರೂಪಾಯಿ ಪಡೆದು ಮಗಳ ಫೀಸು ಕಟ್ಟಿದಳು. ಇನ್ನು ಅವಳು ತಿಂಗಳು ತಿಂಗಳು ಕಟ್ಟಬೇಕಾದದ್ದು ರೂಪಾಯಿಯನ್ನಲ್ಲ, ಅಷ್ಟೇ ಚೂರುಗಳನ್ನು. ಹದಿನೇಳನೆಯ ತಿಂಗಳು 2024ರ ಮಾರ್ಚಿ. ಆ ತಿಂಗಳು ಬಿಟ್‌ಕಾಯಿನ್ 70,000 ಡಾಲರನ್ನು ದಾಟಿತು. 2,000 ರೂಪಾಯಿಗೆ ಬರುತ್ತಿದ್ದ ಚೂರುಗಳನ್ನು ಕೊಳ್ಳಲು ಈಗ 8,000ದ ಮೇಲೆ ಬೇಕು. ಅವಳ ಕೂಲಿ ನಾಲ್ಕರಷ್ಟಾಗಿಲ್ಲ. ಅವಳ ಹಸು ನಾಲ್ಕರಷ್ಟು ಹಾಲು ಕರೆಯುತ್ತಿಲ್ಲ. ಅವಳು ಯಾವ ತಪ್ಪನ್ನೂ ಮಾಡಲಿಲ್ಲ, ಮಗಳನ್ನು ಓದಿಸಿದ್ದಷ್ಟೆ.

ಚೀಟಿ ಒಂದು ವರ್ಷ ಮೊದಲೇ, 2021ರ ನವೆಂಬರಿನಲ್ಲಿ, ಆರಂಭವಾಗಿದ್ದರೆ? ಆಗ ಬೆಲೆ 69,000 ಡಾಲರಿನ ಆಸುಪಾಸು ಮುಟ್ಟಿತ್ತು. ಮೊದಲು ಎತ್ತಿದವಳಿಗೆ 40,000 ರೂಪಾಯಿ. ಹದಿಮೂರನೆಯ ತಿಂಗಳಲ್ಲಿ ಎತ್ತಿದವಳಿಗೆ ಅಷ್ಟೇ ಚೂರುಗಳು, ಆದರೆ ಸುಮಾರು 10,000 ರೂಪಾಯಿ. ಒಬ್ಬರಿಗೂ ಮೋಸ ಮಾಡುವ ಮನಸ್ಸಿಲ್ಲದ ಇಪ್ಪತ್ತು ಮಂದಿ, ಒಂದು ಅಕ್ಷರವೂ ತಪ್ಪದ ಖಾತೆ. ಆದರೂ ಕಡೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದಂತಾಗುತ್ತಿತ್ತು.

ಹುಡುಗ ಒಂದು ಮಾತು ಎತ್ತಿದ, ನ್ಯಾಯವಾದ ಮಾತೇ. ‘ಬೆಲೆ ಏರಿದಾಗ ಲಾಭಾನೂ ಆಗ್ತದಲ್ಲ ದೊಡ್ಡಪ್ಪ?’ ಆಗುತ್ತದೆ, ಕೈಯಲ್ಲಿ ಇಟ್ಟುಕೊಂಡವನಿಗೆ. ಆದರೆ ಇಟ್ಟುಕೊಳ್ಳುವ ವಸ್ತು ಬೇರೆ, ನಡೆಸುವ ಹಣ ಬೇರೆ. 2010ರ ಮೇ 22ರಂದು ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬ ಮಹಾಶಯ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡ. ಆ ನಾಣ್ಯವನ್ನು ನಾಣ್ಯವಾಗಿಯೇ ಬಳಸಿ ಹೊಟ್ಟೆ ತುಂಬಿಸಿಕೊಂಡವರಲ್ಲಿ ಅವನು ಮೊದಲಿಗನೆಂದು ಹೆಸರಾಗಿದ್ದಾನೆ. ಇಂದು ಅವನ ಕಥೆಯನ್ನು ಹೇಳಿಕೊಂಡು ಜನ ನಗುತ್ತಾರೆ. ಇಟ್ಟುಕೊಂಡಿದ್ದರೆ ಎಷ್ಟು ಕೋಟಿಯಾಗುತ್ತಿತ್ತೆಂದು ಲೆಕ್ಕ ಹಾಕುತ್ತಾರೆ. ಖರ್ಚು ಮಾಡಿದವನನ್ನು ಪೆದ್ದನನ್ನಾಗಿ ಮಾಡುವ ಹಣವನ್ನು ಯಾರು ತಾನೆ ಸಂತೆಗೆ ತಂದಾರು? ಬೆಲೆ ಬೀಳುವಾಗ ತೆಗೆದುಕೊಳ್ಳುವವನಿಲ್ಲ, ಏರುವಾಗ ಕೊಡುವವನಿಲ್ಲ. ಇಬ್ಬರೂ ಕೂಡಿದರಲ್ಲವೆ ವ್ಯಾಪಾರ?

ಇಲ್ಲಿ ವಾಚಕರು ನನ್ನನ್ನು ತಡೆದು ಕೇಳಬಹುದು: ನಿಮ್ಮ ಹಿರಿಯರು ಬೆಲ್ಲವನ್ನು ಹಣ ಮಾಡಿಕೊಳ್ಳಲಿಲ್ಲ, ಸರಿ, ಭತ್ತವನ್ನು ಮಾಡಿಕೊಂಡಿದ್ದರಲ್ಲ? ಅದರ ಬೆಲೆ ಏರಿಳಿಯುತ್ತಿರಲಿಲ್ಲವೆ? ನಿಜ. ಕ್ಷೌರಿಕನಿಗೆ, ಮಡಿವಾಳನಿಗೆ, ಕಮ್ಮಾರನಿಗೆ ವರ್ಷದ ಆಯವನ್ನು ಕಣದಲ್ಲಿಯೇ ಅಳೆದು ಕೊಡುತ್ತಿದ್ದರು. ನಾಟಿಯ ಹೆಂಗಸರಿಗೆ ಸೇರಿನಲ್ಲಿ ಕೂಲಿ. ಪೇಟೆಯಲ್ಲಿ ಭತ್ತದ ಬೆಲೆ ಕುಣಿದಾಡುತ್ತಿದ್ದರೂ ಈ ಲೆಕ್ಕ ಕೆಡಲಿಲ್ಲ. ಕಾರಣ ಸರಳವಾದದ್ದು. ಕೂಲಿಗೆ ಬಂದವಳು ಭತ್ತವನ್ನು ಮಾರುವುದಕ್ಕಾಗಿ ಒಯ್ಯುತ್ತಿರಲಿಲ್ಲ, ಕುಟ್ಟಿ ಬೇಯಿಸುವುದಕ್ಕಾಗಿ ಒಯ್ಯುತ್ತಿದ್ದಳು. ರೂಪಾಯಿಯ ಕಣ್ಣಿನಿಂದ ನೋಡಿದರೆ ಆ ಸೇರು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಅವಳ ಮಕ್ಕಳ ಹೊಟ್ಟೆಯ ಕಣ್ಣಿನಿಂದ ನೋಡಿದರೆ ಸೇರು ಎಂದೆಂದಿಗೂ ಸೇರೇ. ಬೆಲ್ಲಕ್ಕೆ ಈ ಗುಣವಿರಲಿಲ್ಲ. ಬೆಲ್ಲ ತಿಂದು ಬದುಕುವವರಿಲ್ಲ. ಅದನ್ನು ಮಾರಲೇಬೇಕು, ಮಾರುವ ದಿನದ ಧಾರಣೆಗೆ ತಲೆಬಾಗಲೇಬೇಕು. ಬಿಟ್‌ಕಾಯಿನ್ ಬೆಲ್ಲದ ಜಾತಿಯದು. ಅದರಲ್ಲಿ ಸಂಬಳ ಬಂದವನು ಅದನ್ನು ಬೇಯಿಸಲಾರ, ಉಡಲಾರ, ಸ್ಕೂಲಿನ ಫೀಸಿಗೆ ಕಟ್ಟಲಾರ. ಅವನ ಖರ್ಚುಗಳೆಲ್ಲ ರೂಪಾಯಿಯಲ್ಲಿ ನಿಂತಿರುವಾಗ ಅವನ ವರಮಾನ ಮಾತ್ರ ಗಾಳಿಪಟದ ಹಾಗೆ ಮೇಲೆ ಹಾರಾಡಿದರೆ ಸಂಸಾರ ಸಾಗುವುದು ಹೇಗೆ?

ರೂಪಾಯಿಯೂ ಸತ್ಯಹರಿಶ್ಚಂದ್ರನೇನಲ್ಲ. 1966ರ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿಯನ್ನು ಒಂದೇ ಏಟಿಗೆ 7.50ಕ್ಕೆ ಇಳಿಸಿದರು. ಅದಲ್ಲದೆ ವರ್ಷವರ್ಷವೂ ಅದು ಸವೆಯುತ್ತಲೇ ಇದೆ. ನಾನು ಹುಡುಗನಾಗಿದ್ದಾಗ ಒಂದು ರೂಪಾಯಿಗೆ ಬರುತ್ತಿದ್ದುದನ್ನು ಹೇಳಿದರೆ ಮೊಮ್ಮಕ್ಕಳು ನನ್ನನ್ನು ಪುರಾಣ ಹೇಳುವವನೆಂದು ತಿಳಿಯುತ್ತಾರೆ. ಆದರೆ ಸವೆತ ಬೇರೆ, ಕುಣಿತ ಬೇರೆ. 2016ರಿಂದ ನಮ್ಮ ರಿಸರ್ವ್ ಬ್ಯಾಂಕಿಗೆ ಬೆಲೆಯೇರಿಕೆಯನ್ನು ನೂರಕ್ಕೆ 4ರ ಸುತ್ತ, ಹೆಚ್ಚೆಂದರೆ 6ರೊಳಗೆ, ಹಿಡಿದಿಡಬೇಕೆಂಬ ಕಟ್ಟುಪಾಡಿದೆ. ಒಮ್ಮೊಮ್ಮೆ ಅದು ಮೀರಿದ್ದೂ ಉಂಟು. ಆದರೂ ಸವೆತ ಇಷ್ಟೆಂದು ಸುಮಾರಾಗಿ ಗೊತ್ತಿದ್ದರೆ ಬಡ್ಡಿಯಲ್ಲೋ ಕೂಲಿಯಲ್ಲೋ ಅದನ್ನು ಸರಿದೂಗಿಸಿಕೊಂಡು ಮಾತು ಕಟ್ಟಬಹುದು. ಹದಿನೇಳು ತಿಂಗಳಲ್ಲಿ ನಾಲ್ಕು ಪಾಲಾಗುವುದನ್ನೂ, ಹನ್ನೆರಡು ತಿಂಗಳಲ್ಲಿ ಕಾಲು ಪಾಲಾಗುವುದನ್ನೂ ಯಾವ ಬಡ್ಡಿಯಲ್ಲಿ ಸೇರಿಸುವುದು?

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ಊರಿನಲ್ಲಿ ಕೆಲವು ವಾರ ಕೈಗೆ ನೋಟು ಸಿಕ್ಕುವುದೇ ಕಷ್ಟವಾಯಿತು. ಆದರೂ ಉಪ್ಪು, ಎಣ್ಣೆ, ಬೇಳೆ ಮನೆಗೆ ಬಂದವು. ಅಂಗಡಿಯವನು ಉದ್ದರಿ ಪುಸ್ತಕದಲ್ಲಿ ‘ಇಂಥವರು, ಇಷ್ಟು ರೂಪಾಯಿ’ ಎಂದು ಬರೆದುಕೊಂಡ. ನೋಟು ಕಣ್ಮರೆಯಾಗಿದ್ದರೂ ಅದರ ಅಳತೆ ಉಳಿದಿತ್ತು. ವ್ಯಾಪಾರ ಆ ಅಳತೆಯ ಮೇಲೆಯೇ ನಡೆಯಿತು. ಬಿಟ್‌ಕಾಯಿನ್ನಿನದು ಇದಕ್ಕೆ ತಿರುವುಮುರುವು. ಖಾತೆ ಒಬ್ಬನು ತಿದ್ದಲಾಗದಷ್ಟು ಭದ್ರ. ಅಳತೆ ಮಾತ್ರ ನೀರಿನ ಮೇಲಿನ ಗೆರೆ.

ಈ ಕುಣಿತ ಎಳೆತನದ್ದು, ಜನ ಹೆಚ್ಚಿದಂತೆ ತಾನೇ ಅಡಗುತ್ತದೆ ಎಂದು ಅದರ ಅಭಿಮಾನಿಗಳು ಹೇಳುತ್ತಾರೆ. ಮೊದಲಿನ ವರ್ಷಗಳಷ್ಟು ಉಗ್ರತೆ ಈಗ ಇಲ್ಲವೆಂಬುದು ನಿಜವೇ. ಆದರೆ ಹದಿನಾರು ವರ್ಷ ತುಂಬಿದ ಮೇಲೂ, 2025ರ ಅಕ್ಟೋಬರಿನಲ್ಲಿ 1,26,000 ಡಾಲರು ಮುಟ್ಟಿದ್ದು ನವೆಂಬರು ಮುಗಿಯುವ ಮೊದಲೇ 90,000ಕ್ಕಿಂತ ಕೆಳಗಿಳಿದಿತ್ತು. ಇದಕ್ಕೆ ಒಂದು ಕಾರಣ ಅದರ ಹುಟ್ಟಿನಲ್ಲಿಯೇ ಇದೆ. ಮಂಡ್ಯದವರಿಗೆ ಅದನ್ನು ಕನ್ನಂಬಾಡಿಯ ಉದಾಹರಣೆಯಿಂದ ಹೇಳಿದರೆ ಬೇಗ ತಿಳಿದೀತು. ಮಳೆಗಾಲದಲ್ಲಿ ನಾವು ಪತ್ರಿಕೆಯಲ್ಲಿ ಮೊದಲು ನೋಡುವುದು ಅಣೆಕಟ್ಟಿನ ಮಟ್ಟವನ್ನು, 124.80 ಅಡಿ ತುಂಬಿತೆಂದರೆ ಹಬ್ಬ. ಕಾವೇರಿ ತನ್ನ ಇಷ್ಟದಂತೆ ಉಕ್ಕುತ್ತಾಳೆ, ಬತ್ತುತ್ತಾಳೆ. ಕಟ್ಟೆ ಅದನ್ನು ತಡೆದು ವಿಶ್ವೇಶ್ವರಯ್ಯ ನಾಲೆಗೆ ಬೇಕಾದಾಗ ಬೇಕಾದಷ್ಟು ಬಿಡುವುದರಿಂದ ಗದ್ದೆಯ ಬದುವಿಗೆ ನೀರು ಹದವಾಗಿ ಬರುತ್ತದೆ. ಹಣದ ಬೇಡಿಕೆಯೂ ಹೀಗೆಯೇ, ಸುಗ್ಗಿಯಲ್ಲಿ ಉಕ್ಕುತ್ತದೆ, ಆಮೇಲೆ ಬತ್ತುತ್ತದೆ. ಅದಕ್ಕೆ ತಕ್ಕಂತೆ ಬಾಗಿಲು ಎತ್ತಿ ಇಳಿಸುವುದು ರಿಸರ್ವ್ ಬ್ಯಾಂಕಿನ ಕೆಲಸ. ಬಿಟ್‌ಕಾಯಿನ್ನಿನಲ್ಲಿ ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಷ್ಟೇ ಎಂದು ಮೊದಲೇ ಗೊತ್ತು ಮಾಡಿದ್ದಾರೆ. 2024ರ ಏಪ್ರಿಲಿನಿಂದ ಅದು 3.125 ನಾಣ್ಯ. ಊರಿಗೆಲ್ಲ ಬೇಕೆಂದರೂ ಅಷ್ಟೆ, ಯಾರಿಗೂ ಬೇಡವೆಂದರೂ ಅಷ್ಟೆ. ಬೇಡಿಕೆಯ ಏರಿಳಿತದ ಭಾರವೆಲ್ಲ ಬೆಲೆಯ ತಲೆಯ ಮೇಲೆಯೇ ಬೀಳಬೇಕು. ಅದು ಕಟ್ಟೆಯಿಲ್ಲದ ಹೊಳೆ.

‘ನೀರುಗಂಟಿಯೇ ಕಳ್ಳನಾದರೆ ಏನ್ ಮಾಡೋದು ದೊಡ್ಡಪ್ಪ?’ ಎಂದ ಹುಡುಗ. ಅವನ ವಾದದಲ್ಲೆಲ್ಲ ಇದು ಗಟ್ಟಿಯಾದದ್ದು. ಅಂಥ ದೇಶಗಳುಂಟು. ಅರ್ಜೆಂಟೀನಾದಲ್ಲಿ 2023ರ ಒಂದೇ ವರ್ಷದಲ್ಲಿ ಬೆಲೆಗಳು ನೂರಕ್ಕೆ 211ರಷ್ಟು ಏರಿದವು. ಅಲ್ಲಿಯ ಜನ ತಮ್ಮ ಹಣವನ್ನು ನಂಬದೆ ಹೋದರೆ ಅವರನ್ನು ಹಳಿಯುವುದು ಹೇಗೆ? ಆದರೆ ಅವರು ಓಡಿದ್ದು ಯಾವ ಕಡೆಗೆ ಎಂಬುದನ್ನು ನೋಡಬೇಕು. ಹೆಚ್ಚಾಗಿ ಡಾಲರಿನ ಕಡೆಗೆ, ಇಲ್ಲವೆ ಒಂದು ನಾಣ್ಯಕ್ಕೆ ಒಂದು ಡಾಲರೆಂದು ಗಂಟು ಹಾಕಿದ ಕ್ರಿಪ್ಟೋ ನಾಣ್ಯಗಳ ಕಡೆಗೆ. ನೀರುಗಂಟಿ ಕೆಟ್ಟವನಾದರೆ ರೈತರು ಬೇರೆಯ ತೂಬನ್ನು ಹುಡುಕುತ್ತಾರೆ. ಕಟ್ಟೆ ಒಡೆಯಲೆಂದು ಹಾರೈಸುವುದಿಲ್ಲ. ಡಾಲರಿಗೆ ಗಂಟು ಹಾಕಿದ ನಾಣ್ಯಗಳು ಹುಟ್ಟಿದ್ದೇ, ಸ್ಥಿರವಾದ ಅಳತೆಯಿಲ್ಲದೆ ವ್ಯವಹಾರ ನಡೆಯದೆಂಬುದನ್ನು ಆ ಲೋಕದವರೂ ಒಪ್ಪಿಕೊಂಡಂತೆ. ಆ ಗಂಟು ಭದ್ರವಾಗಿರುವುದು ಅದರ ಹಿಂದೆ ನಿಜವಾದ ಹಣವಿದ್ದಾಗ ಮಾತ್ರ. ಟೆರಾ ಎಂಬವರ ಡಾಲರು ನಾಣ್ಯಕ್ಕೆ ಅಂಥ ಬೆಂಬಲವಿರಲಿಲ್ಲ. 2022ರ ಮೇ ತಿಂಗಳ ಕೆಲವೇ ದಿನಗಳಲ್ಲಿ ಅದು ಬಿಚ್ಚಿಹೋಯಿತು.

ಒಂದು ದೇಶವೇ ಈ ಪರೀಕ್ಷೆಯನ್ನು ಮಾಡಿ ನೋಡಿತು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ 2021ರ ಸೆಪ್ಟೆಂಬರ್ 7ರಿಂದ ಬಿಟ್‌ಕಾಯಿನ್ನನ್ನು ಡಾಲರಿನ ಜೊತೆಗೆ ಕಾನೂನಿನ ಹಣವೆಂದು ಸಾರಿತು. ಸರಕಾರದ ‘ಚೀವೊ’ ಚೀಲವನ್ನು ಫೋನಿಗೆ ಇಳಿಸಿಕೊಂಡವರಿಗೆ 30 ಡಾಲರು ಉಡುಗೊರೆ. ಜನ ಇಳಿಸಿಕೊಂಡರು, ಅವರಲ್ಲಿ ಬಹುಪಾಲು ಮಂದಿ ಉಡುಗೊರೆಯನ್ನು ಖರ್ಚು ಮಾಡಿ ಚೀಲವನ್ನು ಮರೆತರು. ಅಂಗಡಿಗಳಲ್ಲಿ ಬೆಲೆಚೀಟಿ ಡಾಲರಿನಲ್ಲಿಯೇ ಉಳಿಯಿತು. 2025ರ ಜನವರಿಯಲ್ಲಿ ಕಾನೂನನ್ನು ತಿದ್ದಿ, ಅದನ್ನು ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿದರು. ಅದಕ್ಕೂ ಮುಂಚೆ, 2017ರ ಡಿಸೆಂಬರಿನಲ್ಲಿ, ಕಂಪ್ಯೂಟರಿನ ಆಟಗಳನ್ನು ಮಾರುವ ಸ್ಟೀಮ್ ಎಂಬ ಅಮೆರಿಕದ ಅಂಗಡಿಯೂ ಬಿಟ್‌ಕಾಯಿನ್ ಸಾಕೆಂದಿತ್ತು. ರವಾನೆಯ ಶುಲ್ಕ ಸುಮಾರು 20 ಡಾಲರಿಗೆ ಏರಿದ್ದು ಒಂದು ಕಾರಣ, ಬೆಲೆಯ ಏರಿಳಿತ ಇನ್ನೊಂದು ಕಾರಣ ಎಂದು ಅದು ತಿಳಿಸಿತು.

ಹಾಗೆಂದು ಏರಿಳಿತವೊಂದೇ ಅಡ್ಡಿಯೆಂದೂ ನಾನು ಹೇಳಲಾರೆ. ನಮ್ಮಲ್ಲಿ 2022ರಿಂದ ಇಂಥ ನಾಣ್ಯಗಳ ಲಾಭಕ್ಕೆ ನೂರಕ್ಕೆ 30 ತೆರಿಗೆ, ಅವುಗಳ ಕೈಬದಲಿಗೆ ನೂರಕ್ಕೆ 1ರಂತೆ ಮುರಿತ ಬಂದಿದೆ. ಇನ್ನೊಂದು ಕಡೆ, ಮದ್ದೂರಿನಲ್ಲಿ ಎಳನೀರು ಮಾರುವವನ ಗಾಡಿಯಲ್ಲಿಯೂ ಇಂದು ಫೋನಿನಿಂದ ರೂಪಾಯಿ ಕೊಡುವ ಚೌಕುಳಿ ಚಿತ್ರ ತೂಗಾಡುತ್ತಿದೆ. ಹೊಸ ನಾಣ್ಯದ ಕೊರತೆ ಯಾರನ್ನೂ ಕಾಡುತ್ತಿಲ್ಲ. ಇನ್ನು, ಏರಿಳಿತವಿದ್ದರೂ ಆ ನಾಣ್ಯ ಒಂದು ಕೆಲಸವನ್ನು ಚೆನ್ನಾಗಿ ಮಾಡಬಲ್ಲದು. ಇಲ್ಲಿ ಹಾಕಿ ಅಲ್ಲಿ ತಕ್ಷಣ ತೆಗೆಯುವುದಾದರೆ, ದೂರ ದೇಶದಲ್ಲಿ ದುಡಿಯುವ ಮಗ ತಾಯಿಗೆ ಹಣ ಮುಟ್ಟಿಸುವ ಟಪಾಲಿನವನಾಗಬಲ್ಲದು. ಒಂದು ನಿಮಿಷದ ಕೆಲಸಕ್ಕೆ ಹಿಗ್ಗುವ ಸೇರಾದರೂ ನಡೆದೀತು. ಇಂದು ಕೊಟ್ಟ ಮಾತನ್ನು ಇಪ್ಪತ್ತನೆಯ ತಿಂಗಳು ಉಳಿಸಿಕೊಳ್ಳುವ ಕೆಲಸಕ್ಕೆ ನಡೆಯದು. ನಿತ್ಯದ ಹಣವೆಂದರೆ ಬಹುಮಟ್ಟಿಗೆ ಆ ಎರಡನೆಯ ಕೆಲಸವೇ. ತಿಂಗಳ ಸಂಬಳ, ಮನೆಯ ಬಾಡಿಗೆ, ಕಬ್ಬು ಕಡಿಯುವವರ ಮುಂಗಡ, ಹಾಲಿನ ಲೆಕ್ಕ, ಮಗಳ ಫೀಸು, ಎಲ್ಲವೂ ಇಂದಿಗೂ ನಾಳೆಗೂ ನಡುವೆ ಕಟ್ಟಿದ ಮಾತುಗಳು.

ಏರಿಳಿತವನ್ನು ಸಹಿಸುವುದಕ್ಕೆ ಬೇಕಾದದ್ದು ಧೈರ್ಯ ಎಂದು ಹುಡುಗರು ತಿಳಿದಿದ್ದಾರೆ. ಅದಕ್ಕೆ ಬೇಕಾದದ್ದು ಕಾಯುವ ಅನುಕೂಲ. ಬೆಲ್ಲದ ಧಾರಣೆ ಬಿದ್ದಾಗ ಮಂಡಿಯಲ್ಲಿ ದಾಸ್ತಾನು ಇಡಬಲ್ಲವನು ಕಾಯುತ್ತಾನೆ. ಸಾಲಗಾರ ಬಾಗಿಲಿಗೆ ಬಂದು ನಿಂತವನು ಆ ದಿನವೇ ಮಾರುತ್ತಾನೆ. ಆ ಹೊಸ ನಾಣ್ಯವೂ ಅಷ್ಟೆ. ಅದು ಬಿದ್ದ ವಾರದಲ್ಲಿ ಅಕ್ಕಿ ಕೊಳ್ಳಲೇಬೇಕಾದವನಿಗೆ ‘ಇನ್ನೆರಡು ವರ್ಷ ತಡಿ, ಮೇಲೇಳುತ್ತದೆ’ ಎಂಬ ಸಮಾಧಾನದಿಂದ ಪ್ರಯೋಜನವಿಲ್ಲ. ನನ್ನ ತಮ್ಮನ ಮಗ ತನ್ನ ಸಂಬಳದಲ್ಲಿ ಉಳಿದದ್ದನ್ನು ಹಾಕಿ ಕೆಲವು ಚೂರುಗಳನ್ನು ಇಟ್ಟುಕೊಂಡಿದ್ದಾನೆ. ಇಟ್ಟುಕೊಳ್ಳಲಿ, ಹೋದರೂ ಅವನ ಊಟ ಹೋಗದು. ಅವನ ತಾಯಿಯ ಚೀಟಿ ರೂಪಾಯಿಯಲ್ಲಿಯೇ ನಡೆಯುತ್ತಿದೆ. ನೋಟುಬುಕ್ಕಿಗೆ ಬದಲು ಲೆಕ್ಕ ಈಗ ಫೋನಿಗೆ ಬಂದಿದೆ, ಪ್ರತಿಯೊಬ್ಬರ ಫೋನಿನಲ್ಲಿಯೂ ಅದರ ಒಂದೊಂದು ಪ್ರತಿ. ಹುಡುಗನ ವಿದ್ಯೆಯಲ್ಲಿ ಒಳ್ಳೆಯದಾಗಿದ್ದುದನ್ನು ಅವಳು ಬಿಡಲಿಲ್ಲ.

ನಮ್ಮ ಜನ ಹೊಸದಕ್ಕೆ ಹೆದರುತ್ತಾರೆಂಬ ಅಪವಾದವೂ ಇದೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆಯ ಲೆಕ್ಕ ಹೋಗಿ ನೂರು ನಯಾಪೈಸೆ ಬಂತು. ಅದರ ಬೆನ್ನಿಗೇ ಸೇರು ಮಣಗಳು ಹೋಗಿ ಕಿಲೋಗ್ರಾಂ ಬಂತು. ಸಂತೆಗಳಲ್ಲಿ ಗೊಂದಲವಾಯಿತು, ಅಜ್ಜಿಯರು ಬೆರಳು ಮಡಿಸಿ ಮಡಿಸಿ ಸೋತರು, ಅಂಗಡಿಯವರು ಚಿಲ್ಲರೆಯಲ್ಲಿ ಒಂದಿಷ್ಟು ಲಾಭವನ್ನೂ ಮಾಡಿಕೊಂಡರು. ಆದರೆ ಕೆಲವೇ ವರ್ಷಗಳಲ್ಲಿ ಎಲ್ಲರಿಗೂ ಹೊಸ ಲೆಕ್ಕ ಕೈಗೆ ಹತ್ತಿತು. ಏಕೆಂದರೆ ಆ ಅಳತೆ ಒಮ್ಮೆ ಬದಲಾಯಿತು, ಬದಲಾದ ಮೇಲೆ ನಿಂತಿತು. ಆ ಹೊಸ ನಾಣ್ಯವೂ ಎಂದಾದರೊಂದು ದಿನ ಹೀಗೆ ನಿಂತರೆ, ಕೊತ್ತತ್ತಿಯ ಹೆಂಗಸರು ಅದರಲ್ಲಿಯೂ ಚೀಟಿ ಹಾಕಿಯಾರು. ಅವರಿಗೆ ಅದು ಬರುವುದಿಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ಅಲ್ಲಿಯವರೆಗೆ ಮಾತ್ರ ಅವರು ಕೇಳಿದ್ದನ್ನೇ ಕೇಳುತ್ತಾರೆ: ಯಾರ ಹೆಸರಿನ ಮುಂದೆ ಎಷ್ಟೆಂದು ಬರೆದುಕೊಳ್ಳುವುದು?